ಎರಡು ಕಾರು, ಒಂದು ಲೋಟ ನೀರು

ಹೆಂಡತಿಯ ಅಣ್ಣ ಎಂಬ ಪ್ರಾಣಿಯನ್ನು ದೇವರು ಯಾವ ಉದ್ದೇಶಕ್ಕೆ ಸೃಷ್ಟಿಸಿದ ಎಂಬ ಪ್ರಶ್ನೆಗೆ ಕೊರ್ಬಿನಿಯನ್ ಲೆಖ್ನರ್ ಮೂವತ್ತೊಂದು ವರ್ಷಗಳಿಂದ ಉತ್ತರ ಹುಡುಕುತ್ತಿದ್ದ. ಮದುವೆಯಾಗಿಯೂ ಅಷ್ಟೇ ವರ್ಷವಾಗಿತ್ತು.

ಕೊರ್ಬಿನಿಯನ್ ಸಾಮಾನ್ಯ ಮನುಷ್ಯನಲ್ಲ. ಬವೇರಿಯಾ ರಾಜ್ಯದ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರಾಗಿ ದುಡಿದು ನಿವೃತ್ತನಾದವನು. ಅವನು ಅಂಗಡಿಯ ಹೊಸ್ತಿಲು ತುಳಿದರೆ ಸಾಕು, ಮಾಂಸದಂಗಡಿಯವನ ಹೆಬ್ಬೆರಳು ತಕ್ಕಡಿಯಿಂದ ತಾನಾಗಿ ಕೆಳಗಿಳಿಯುತ್ತಿತ್ತು. ಬಿಯರ್ ತೋಟದಲ್ಲಿ ಅವನ ಲೋಟಕ್ಕೆ ಮಾತ್ರ ನೊರೆಯನ್ನು ಲೆಕ್ಕಕ್ಕೆ ಹಿಡಿಯದೆ ಗೆರೆಯವರೆಗೆ ತುಂಬುತ್ತಿದ್ದರು. ಇಂಥ ತೂಕದ ಮನುಷ್ಯನಿಗೆ ಹೆಂಡತಿಯ ತವರಿನಲ್ಲಿ ಹುಲ್ಲುಕಡ್ಡಿಯ ತೂಕವೂ ಇರಲಿಲ್ಲ. ಕಾರಣ ಇಷ್ಟೇ: ಅವನು ಡ್ಯಾನ್ಯೂಬ್ ನದಿಯ ಈ ದಡದ ನೊಯ್-ಉಲ್ಮ್‌ನವನು. ಹೆಂಡತಿ ಗೆರ್ಲಿಂಡೆ ಆ ದಡದ ಉಲ್ಮ್‌ನವಳು. ನಡುವೆ ಒಂದು ಸೇತುವೆ, ನಡೆದರೆ ನಾಲ್ಕು ನಿಮಿಷ. ಆದರೆ ಸೇತುವೆ ದಾಟಿದರೆ ರಾಜ್ಯ ಬೇರೆ, ಮಾತಿನ ಧಾಟಿ ಬೇರೆ, ಎಲ್ಲಕ್ಕಿಂತ ಮುಖ್ಯವಾಗಿ, ಕಾರು ಬೇರೆ.

ಈ ದಡದವರಿಗೆ ಮ್ಯೂನಿಕ್ಕಿನ ಕಾರು. ಮೂಗಿನ ಮೇಲೆ ಜೋಡಿ ಮೂತ್ರಪಿಂಡದಂಥ ಜಾಲರಿ ಇಟ್ಟುಕೊಂಡದ್ದು. ಆ ದಡದವರಿಗೆ ಸ್ಟುಟ್‌ಗಾರ್ಟಿನ ಕಾರು; ನಕ್ಷತ್ರ ಧರಿಸಿದ್ದು. ಹೆಂಡತಿಯ ಅಣ್ಣ ಎಬರ್‌ಹಾರ್ಡ್ ಸ್ಟುಟ್‌ಗಾರ್ಟಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬಾಗಿಲು ಜೋಡಿಸಿದವನು. ಕಣ್ಣು ಮುಚ್ಚಿ ಬಾಗಿಲು ಹಾಕಿದ ಸದ್ದು ಕೇಳಿಯೇ ಯಾವ ವರ್ಷದ ಕಾರು ಎಂದು ಹೇಳುತ್ತೇನೆಂದು ಜಂಬ ಕೊಚ್ಚುತ್ತಿದ್ದ. ಎರಡೂ ಊರಿನವರು ತಯಾರಿಸುವ ಅತಿವೇಗದ ದೊಡ್ಡ ಸೆಡಾನುಗಳಿವೆಯಲ್ಲ, ಎಂಟು ಸಿಲಿಂಡರು, ಆರುನೂರು ಚಿಲ್ಲರೆ ಕುದುರೆಗಳ ಬಲ, ಮೇಲೆ ಮಾತ್ರ ಬ್ಯಾಂಕ್ ಮ್ಯಾನೇಜರನ ಸಭ್ಯ ವೇಷ, ಅವುಗಳಲ್ಲಿ ಯಾವುದು ಮೇಲು ಎಂಬುದು ಭಾವಂದಿರಿಬ್ಬರ ಮೂವತ್ತೊಂದು ವರ್ಷದ ಮಹಾಯುದ್ಧ. (ಇಬ್ಬರ ಬಳಿಯೂ ಅಂಥ ಕಾರು ಇರಲಿಲ್ಲ. ಇಲ್ಲದ ಕಾರಿಗೆ ಜಗಳವಾಡುವುದರಲ್ಲಿ ಒಂದು ನೆಮ್ಮದಿಯಿದೆ: ಗೀರು ಬೀಳುವ ಭಯವಿಲ್ಲ.)

ಈ ಸಲದ ಈಸ್ಟರ್ ಊಟದಲ್ಲಿ ಯುದ್ಧ ಅಳತೆ ಮೀರಿತು.

"ನಿಮ್ಮ ಮ್ಯೂನಿಕ್ ಕಾರಿನ ಮೂಗು ನೋಡಿದ್ರೆ ಹಲ್ಲುಬ್ಬು ಬೀವರ್ ಪ್ರಾಣಿ ನೆನಪಾಗುತ್ತೆ" ಎಂದ ಎಬರ್‌ಹಾರ್ಡ್, ಬಾಯಿಗೆ ಕಡುಬು ತುರುಕಿಕೊಳ್ಳುತ್ತ.

"ನಿಮ್ಮದು ಕಾರಾ ಅದು? ಸೋಫಾಗೆ ಇಂಜಿನ್ ಕಟ್ಟಿದ್ದಾರೆ ಅಷ್ಟೆ" ಎಂದ ಕೊರ್ಬಿನಿಯನ್. "ತಿರುವಲ್ಲಿ ಸ್ಟೀರಿಂಗ್ ತಿರುಗಿಸಿದ್ರೆ, ಮೊದಲು ಅರ್ಜಿ ತಗೊಳ್ಳುತ್ತೆ, ಆಮೇಲೆ ತಿರುಗುತ್ತೆ."

"ಓಡಿಸಿ ನೋಡಿದ್ದೀಯಾ?"

"ನೀನು ಓಡಿಸಿದ್ದೀಯಾ ನಮ್ಮದನ್ನ?"

ಇಬ್ಬರೂ ಓಡಿಸಿರಲಿಲ್ಲ. ಉತ್ತರವಿಲ್ಲದ ಕಡೆ ಕೈ ಬರುತ್ತದೆ. ಎಬರ್‌ಹಾರ್ಡ್ ಮೇಜು ಗುದ್ದಿದ. ಕೊರ್ಬಿನಿಯನ್ ಅವನಿಗಿಂತ ಹತ್ತು ಗ್ರಾಂ ಹೆಚ್ಚು ಬಲದಿಂದ ಗುದ್ದಿದ. ಅತ್ತೆ ರೋಸೀನೆ ಎರಡು ದಿನ ಮುಂಚೆಯೇ ಕುದಿಸಿಟ್ಟ ಸಾರು, ಅದರಲ್ಲಿ ತೇಲುತ್ತಿದ್ದ ಹನ್ನೆರಡು ಕಡುಬು, ಎಲ್ಲವೂ ಪಿಂಗಾಣಿ ಬೋಗುಣಿಯ ಸಮೇತ ನೆಲದ ಪಾಲಾದವು. ಅಂದಿನಿಂದ ಭಾವಂದಿರಿಬ್ಬರ ನಡುವೆ ಮಾತು ನಿಂತಿತು.

ಆಗಸ್ಟಿನಲ್ಲಿ ಅತ್ತೆಯ ಫೋನ್ ಬಂತು. ಸೆಪ್ಟೆಂಬರಿನಲ್ಲಿ ಅವರಿಗೆ ಎಂಬತ್ತೈದು ತುಂಬುವುದಿತ್ತು.

"ಕೊರ್ಬಿನಿಯನ್, ಕಿವಿಗೊಟ್ಟು ಕೇಳು. ನನ್ನ ಹುಟ್ಟುಹಬ್ಬಕ್ಕೆ ಮೂವತ್ತು ಜನ ನೆಂಟರು ಬರ್ತಾರೆ. ಅಷ್ಟರೊಳಗೆ ನೀವಿಬ್ಬರೂ ಆ ಎರಡು ಕಾರನ್ನೂ ಓಡಿಸಿ, ಅಳೆದು, ಕಾಗದದ ಮೇಲೆ ಬರೆದು ತರಬೇಕು. ತಪ್ಪು ಯಾರದ್ದೋ ಅವರು ಎಲ್ಲರೆದುರು ಎದ್ದುನಿಂತು ಒಪ್ಕೋಬೇಕು. ಆಗಲ್ಲ ಅಂದ್ರೆ ನಿಮ್ಮಿಬ್ಬರ ಕುರ್ಚಿಗೆ ಪಾದ್ರಿಯನ್ನೂ ಅವರ ಅಡುಗೆಯವಳನ್ನೂ ಕೂರಿಸ್ತೀನಿ."

"ಅಳೆಯೋದಾ?" ಎಂದ ಕೊರ್ಬಿನಿಯನ್. ಎದೆ ಎರಡು ಅಂಗುಲ ಉಬ್ಬಿತು. "ಅತ್ತೆ, ಅಳೆಯೋ ಕೆಲಸಾನ ನನಗೇ ಬಿಡಿ."

ಅಂದೇ ಅವನು ದೃಢಸಂಕಲ್ಪ ಮಾಡಿದ. ಊರಾಚೆಯ ಹಳೆಯ ವಿಮಾನ ನಿಲ್ದಾಣದಲ್ಲಿ ಚಾಲನಾ ತರಬೇತಿಯ ಮೈದಾನವೊಂದಿತ್ತು. ಅಲ್ಲಿ ಅರ್ಧ ದಿನದ ಮಟ್ಟಿಗೆ ಎರಡೂ ಕಾರುಗಳನ್ನು ಓಡಿಸಲು ಕೊಡುತ್ತಿದ್ದರು. ಅಟ್ಟದಿಂದ ತನ್ನ ಸರ್ಕಾರಿ ಚರ್ಮದ ಪೆಟ್ಟಿಗೆ ಇಳಿಸಿದ. ಸ್ಟಾಪ್‌ವಾಚು, ಅಳತೆ ಟೇಪು, ಮುದ್ರೆಯೊತ್ತಿದ ಗಾಜಿನ ಅಳತೆಪಾತ್ರೆ ಎಲ್ಲವನ್ನೂ ಒರೆಸಿದ. ನೋಟುಪುಸ್ತಕದಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದ. ಇನ್ನುಳಿದದ್ದು ಭಾವನನ್ನು ಒಪ್ಪಿಸುವುದು. ಮಾತು ಬಿಟ್ಟಿದ್ದರಿಂದ ಮಧ್ಯೆ ಗೆರ್ಲಿಂಡೆ ಬೇಕಾಯಿತು. ಅವಳು ಫೋನ್ ಹಿಡಿದು ಅಡುಗೆಮನೆಯಲ್ಲಿ ನಿಂತಳು.

"ಶನಿವಾರ ಬೆಳಗ್ಗೆ ಎಂಟಕ್ಕೆ ಬಾ ಅಂತ ಹೇಳು ನಿಮ್ಮಣ್ಣನಿಗೆ."

"ಎಂಟಕ್ಕೆ ಬರಬೇಕಂತೆ, ಎಬರ್‌ಹಾರ್ಡ್... ಹೂಂ... ಕೊರ್ಬಿ, ಅಳೆಯೋದು ನೀನೊಬ್ಬನೇ ಆದ್ರೆ ಅವನು ಬರಲ್ವಂತೆ. ನಿನ್ನ ಮೇಲೆ ನಂಬಿಕೆ ಇಲ್ವಂತೆ."

"ಮೂವತ್ತನಾಲ್ಕು ವರ್ಷದಲ್ಲಿ ಒಂದು ಗ್ರಾಂ ಆಚೀಚೆ ಮಾಡಿದವನಲ್ಲ ನಾನು ಅಂತ ಹೇಳು."

"ಒಂದು ಗ್ರಾಮೂ ಆಚೀಚೆ ಮಾಡಿಲ್ವಂತೆ... ಹೂಂ... ಹಾಗೆ ಹೇಳೋಕಾಗಲ್ಲಪ್ಪ, ನನ್ನ ಗಂಡ ಅವನು... ಕೊರ್ಬಿ, ಬರ್ತಾನಂತೆ. ಉಳಿದದ್ದು ನಿನಗೆ ಬೇಡ."

ಶನಿವಾರ ಮೈದಾನದಲ್ಲಿ ಎರಡು ಕಾರುಗಳೂ ಅಕ್ಕಪಕ್ಕ ನಿಂತಿದ್ದವು, ನೀಲಿ ಬಣ್ಣದ್ದು ಮ್ಯೂನಿಕ್ಕಿನದು, ಬೂದುಬಣ್ಣದ್ದು ಸ್ಟುಟ್‌ಗಾರ್ಟಿನದು. ಮಾತು ದಾಟಿಸಲು ಗೆರ್ಲಿಂಡೆಯೂ ಬಂದಿದ್ದಳು. ತರಬೇತಿ ಕೊಡುವವಳು ನೆಸ್ರಿನ್ ಎಂಬ ಮೂವತ್ತರ ಹೆಂಗಸು. ಕೊರ್ಬಿನಿಯನ್‌ನ ಪೆಟ್ಟಿಗೆ ನೋಡಿ, "ಡಾಕ್ಟರಾ ನೀವು?" ಎಂದು ಕೇಳಿದಳು.

"ತೂಕ ಮತ್ತು ಅಳತೆ" ಎಂದ ಅವನು, ರಾಜ್ಯಪಾಲರ ಗತ್ತಿನಲ್ಲಿ.

ಮೊದಲು ಸುತ್ತಿನ ಓಟ. ಎರಡು ಕಿಲೋಮೀಟರಿನ ಅಂಕುಡೊಂಕು ರಸ್ತೆ. ಸ್ಟಾಪ್‌ವಾಚು ಹಿಡಿದ ನೆಸ್ರಿನ್ ಪಕ್ಕದಲ್ಲಿ, ಓಡಿಸುವವರು ಸರದಿಯಂತೆ. ಕೊರ್ಬಿನಿಯನ್ ಮೊದಲು ತನ್ನ ಊರಿನ ನೀಲಿ ಕಾರು ಹತ್ತಿದ. ಸ್ಟೀರಿಂಗ್ ಮೇಲೆ ಬೆರಳಿಟ್ಟರೆ ಸಾಕು, ಕಾರಿನ ಮೂಗು ಆ ಕಡೆಗೆ ತಿರುಗುತ್ತಿತ್ತು, ನಾಯಿಗೆ ವಾಸನೆ ಸಿಕ್ಕ ಹಾಗೆ. ತಿರುವಿನಿಂದ ಹೊರಬರುವಾಗ ಹಿಂಬದಿ ಚೂರು ಜಾರಿ, ಮತ್ತೆ ತಾನೇ ಸರಿಯಾಗಿ ಕೂರುತ್ತಿತ್ತು. ರಸ್ತೆಯ ಪ್ರತಿ ಕಲ್ಲಿನ ಸುದ್ದಿಯೂ ಅವನ ಬೆನ್ನುಮೂಳೆಗೆ ತಂತಿ ಮೂಲಕ ಬಂದು ತಲುಪುತ್ತಿತ್ತು. ಎಲ್ಲ ಅಂದುಕೊಂಡಂತೆಯೇ ಇತ್ತು. ಇಳಿಯುವಾಗ ಬೆನ್ನು ಹಿಡಿದುಕೊಂಡೇ ಇಳಿದ. (ಅದು ವಯಸ್ಸಿನ ದೋಷ, ಕಾರಿನದಲ್ಲ ಎಂದು ಅಂಕಣದಲ್ಲಿ ಬರೆದ.)

ಆಮೇಲೆ ಶತ್ರುವಿನ ಕಾರು. ದೋಷಗಳ ಪಟ್ಟಿಯನ್ನು ಮೊದಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡೇ ಕೂತ. ಕೂತದ್ದೇ ಅನಾಹುತ ಶುರುವಾಯಿತು. ಸೀಟು ಅವನ ಸೊಂಟವನ್ನು, ಹೆತ್ತ ತಾಯಿ ಮಗುವನ್ನು ಎತ್ತಿಕೊಂಡ ಹಾಗೆ, ಎರಡೂ ಕಡೆಯಿಂದ ಹಿಡಿದುಕೊಂಡಿತು. ಕಾರಿನ ಹೊಟ್ಟೆಯೊಳಗಿನಿಂದ ಗುಡುಗು ಹೊರಟಂಥ ಸದ್ದು. ಕಾಲು ಒತ್ತಿದ. ದೂರದ ತಿರುವು ಎದ್ದು ಬಂದು ಅವನ ಮಡಿಲಲ್ಲಿ ಕೂತಿತು. ಮೂಗು ಸ್ವಲ್ಪ ಭಾರ, ನಿಜ. ತಿರುಗುವಾಗ ಒಂದು ಕ್ಷಣ ಯೋಚಿಸುತ್ತಿತ್ತು, ಅದೂ ನಿಜ. ಆದರೆ ನೇರ ರಸ್ತೆ ಸಿಕ್ಕೊಡನೆ ಅದು ಎಳೆದುಕೊಂಡು ಹೋಗುವ ರೀತಿ, ಉಬ್ಬುತಗ್ಗುಗಳನ್ನೆಲ್ಲ ಇಸ್ತ್ರಿ ಹಾಕಿದಂತೆ ಹರವುತ್ತ ಸಾಗುವ ರೀತಿ... ಕೊರ್ಬಿನಿಯನ್‌ಗೆ ತನ್ನ ಮುಖದಲ್ಲಿ ನಗು ಮೂಡುತ್ತಿರುವುದು ಗೊತ್ತಾಗಿ, ಹಲ್ಲು ಕಚ್ಚಿ ಅದನ್ನು ಒಳಗೆ ತಳ್ಳಿದ. ಮೂವತ್ತೊಂದು ವರ್ಷದ ಪಾತಿವ್ರತ್ಯ ಎರಡು ಕಿಲೋಮೀಟರಿನಲ್ಲಿ ಅಲುಗಾಡಿತ್ತು.

"ಹೇಗಿದೆ?" ಎಂದಳು ನೆಸ್ರಿನ್.

"ಪರವಾಗಿಲ್ಲ" ಎಂದ ಅವನು, ದುಃಖದಿಂದ.

ಎಬರ್‌ಹಾರ್ಡ್ ತನ್ನ ಬೂದು ಕಾರಿನಲ್ಲಿ ಗೊತ್ತುಮಾಡಿದ ಒಂದು ಸುತ್ತು ಹಾಕಿ ಇಳಿದ. ನೀಲಿ ಕಾರು ಹತ್ತಿದವನು ಮಾತ್ರ ಕೆಳಗಿಳಿಯಲೇ ಇಲ್ಲ. ಆ ಒಂದರ ಮೇಲೆ ಇನ್ನೂ ಮೂರು ಸುತ್ತು ಹಾಕಿದ. ಬಂದಾಗ ಕಿವಿಯೆರಡೂ ಕೆಂಪಗಾಗಿದ್ದವು. "ದೋಷ ಹುಡುಕ್ತಿದ್ದೆ" ಎಂದು ತಂಗಿಗೆ ಹೇಳಿ, ಬಾಗಿಲನ್ನು ಒಮ್ಮೆ ಹಾಕಿದ. ಮತ್ತೆ ತೆಗೆದು, ಇನ್ನೊಮ್ಮೆ ಹಾಕಿ, ತಲೆ ವಾಲಿಸಿ ಕೇಳಿಸಿಕೊಂಡ.

ಕೊನೆಯದು ಕೊರ್ಬಿನಿಯನ್ ತಾನೇ ಕಂಡುಹಿಡಿದ ಪರೀಕ್ಷೆ. ಅರ್ಧ ಲೀಟರಿನ ಬಿಯರ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ, ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಗೆರ್ಲಿಂಡೆಯ ತೊಡೆಯ ಮೇಲಿಟ್ಟು, ಕಲ್ಲು ಹಾಸಿದ ರಸ್ತೆಯಲ್ಲಿ ಗಂಟೆಗೆ ನಲವತ್ತರ ವೇಗದಲ್ಲಿ ಓಡಿಸುವುದು. ತಟ್ಟೆಗೆ ಚೆಲ್ಲಿದ ನೀರನ್ನು ಅಳತೆಪಾತ್ರೆಗೆ ಸುರಿದು ನೋಡುವುದು. ಕಡಿಮೆ ಚೆಲ್ಲಿದ ಕಾರು ಹೆಚ್ಚು ಮೃದು.

"ಚೆಲ್ಲಿದ್ದು ತಟ್ಟೆಗೇ ಬೀಳುತ್ತೆ ಅಂತ ಏನು ಗ್ಯಾರಂಟಿ?" ಎಂದಳು ಗೆರ್ಲಿಂಡೆ.

"ವಿಜ್ಞಾನಕ್ಕೋಸ್ಕರ ಸ್ವಲ್ಪ ಸಹಿಸ್ಕೋ."

"ಲಂಗ ನನ್ನದು, ವಿಜ್ಞಾನ ನಿನ್ನದು. ಚೆನ್ನಾಗಿದೆ ಪಾಲು."

ನೀಲಿ ಕಾರಿನಲ್ಲಿ ಐವತ್ತೈದು ಮಿಲಿಲೀಟರ್ ಚೆಲ್ಲಿತು. ಬೂದು ಕಾರಿನಲ್ಲಿ ನಲವತ್ತು. ಕೊರ್ಬಿನಿಯನ್ ಅಳತೆಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಮೂರು ಸಲ ನೋಡಿದ. ನೀರು ಸರ್ಕಾರಿ ಗೆರೆಯ ಮೇಲೆ ಕದಲದೆ ಕೂತಿತ್ತು. ನಲವತ್ತು. ಅತ್ತ ಎಬರ್‌ಹಾರ್ಡ್ ನೆಸ್ರಿನ್‌ಗೆ ಬಾಗಿಲ ಬಿಜಾಗರಿಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ಯಾರೂ ನೋಡುತ್ತಿರಲಿಲ್ಲ. ಕೊರ್ಬಿನಿಯನ್‌ನ ಪೆನ್ನು ಕೋಷ್ಟಕದ ಮೇಲೆ ಇಳಿಯಿತು, ನಾಲ್ಕು ಬರೆಯಬೇಕಾದ ಕಡೆ ಆರು ಬರೆಯಿತು. ಅರವತ್ತು. ಪಾತ್ರೆಯ ನೀರನ್ನು ಹುಲ್ಲಿಗೆ ಚೆಲ್ಲಿದ.

ಒಂದು ಜೀವ ನೋಡುತ್ತಿತ್ತು. ಅದು ಒದ್ದೆ ಲಂಗ ಹಿಂಡುತ್ತಿತ್ತು.

ಹೊರಡುವ ಹೊತ್ತಿಗೆ ನೆಸ್ರಿನ್, "ಇನ್ನೂ ಇಪ್ಪತ್ತು ನಿಮಿಷ ಉಳಿದಿದೆ. ಅಮ್ಮಾವ್ರು ಓಡಿಸಲ್ವಾ?" ಎಂದಳು.

ಗಂಡಸರಿಬ್ಬರೂ ಈಸ್ಟರಿನ ನಂತರ ಮೊದಲ ಬಾರಿಗೆ ಒಟ್ಟಿಗೆ ನಕ್ಕರು. ಗೆರ್ಲಿಂಡೆ ನಗಲಿಲ್ಲ. ಇಪ್ಪತ್ತಾರು ವರ್ಷ ಅವಳು ಜಿಲ್ಲೆಯ ಸಂಚಾರಿ ಗ್ರಂಥಾಲಯದ ಬಸ್ಸು ಓಡಿಸಿದವಳು. ಹನ್ನೊಂದು ಟನ್ ಭಾರ, ನಾಲ್ಕು ಸಾವಿರ ಪುಸ್ತಕ, ಗುಡ್ಡದ ಕಿರುದಾರಿಗಳು, ಚಳಿಗಾಲದ ಮಂಜುಗಡ್ಡೆ. ಒಂದು ಪುಸ್ತಕವೂ ಕಪಾಟಿನಿಂದ ಬೀಳಬಾರದು. ಅವಳು ಸೀಟು ಮುಂದಕ್ಕೆ ಎಳೆದು, ಕನ್ನಡಿ ಸರಿಮಾಡಿ, ನೀಲಿ ಕಾರಿನಲ್ಲಿ ಒಂದು ಸುತ್ತು, ಬೂದು ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದಳು. ಟೈರುಗಳು ಒಮ್ಮೆಯೂ ಕಿರುಚಲಿಲ್ಲ. ನೆಸ್ರಿನ್ ಇಳಿದವಳು ಸ್ಟಾಪ್‌ವಾಚನ್ನು ಕಿವಿಗೆ ಹಿಡಿದು ಅಲುಗಾಡಿಸಿ ನೋಡಿದಳು. ಆಮೇಲೆ ಗೆರ್ಲಿಂಡೆಯನ್ನು ಪಕ್ಕಕ್ಕೆ ಕರೆದು ಏನೋ ಮಾತಾಡಿದಳು. ಗಂಡಸರಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿಕೊಂಡು, ತಮ್ಮದಲ್ಲದ ಕಾರನ್ನು ಕದ್ದು ನೋಡುತ್ತಿದ್ದರು.

"ಆ ಪುಸ್ತಕ ಕೊಡು, ಅಮ್ಮನಿಗೆ ಚೊಕ್ಕವಾಗಿ ಬರೆದುಕೊಡ್ತೀನಿ" ಎಂದಳು ಗೆರ್ಲಿಂಡೆ ಮನೆಗೆ ಬಂದ ಮೇಲೆ. "ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ."

ಕೊರ್ಬಿನಿಯನ್ ಕೊಟ್ಟ. ಕೊಟ್ಟ ಮೇಲೆ ಶುರುವಾಯಿತು ಸಂಕಟ. ಬೇಕರಿಗೆ ಹೋದರೆ ತಕ್ಕಡಿಯ ಮೇಲಿನ ಸರ್ಕಾರಿ ಮುದ್ರೆ ಅವನನ್ನೇ ದುರುಗುಟ್ಟಿ ನೋಡಿದಂತಾಯಿತು. ಮಾಂಸದಂಗಡಿಯ ಮುದುಕ ಹ್ಯೂಬರ್ ಪಾಪ, ಹದಿನೆಂಟು ವರ್ಷದ ಹಿಂದೆ ಒಂದೇ ಒಂದು ಸಲ ತಕ್ಕಡಿಗೆ ಬೆರಳು ತಾಗಿಸಿ ಸಿಕ್ಕಿಬಿದ್ದು, ಇವನಿಂದ ಮುಕ್ಕಾಲು ಗಂಟೆ ನೀತಿಬೋಧೆ ಕೇಳಿದ್ದವನು, ಇವನಿಗೆ ಎಂದಿನಂತೆ ಟೊಪ್ಪಿ ತೆಗೆದು ವಂದಿಸಿದ. ಕೊರ್ಬಿನಿಯನ್ ಸಾಸೇಜು ಕೊಳ್ಳದೆ ಹೊರಗೆ ಬಂದುಬಿಟ್ಟ.

"ಊಟ ಯಾಕೆ ಬಿಟ್ಟಿದ್ದೀಯ?" ಎಂದು ಗೆರ್ಲಿಂಡೆ ಕೇಳಿದಳು.

"ಹಸಿವಿಲ್ಲ."

"ಅರವತ್ತು ವರ್ಷದಲ್ಲಿ ನಿನಗೆ ಮೊದಲ ಸಲ ಹಸಿವಿಲ್ಲ. ಅರವತ್ತೇ ತಾನೆ?"

ಅವಳು 'ಅರವತ್ತು' ಎಂಬ ಮಾತನ್ನು ಎರಡು ಸಲ ಅಂದದ್ದು ಯಾಕೆಂದು ಅವನಿಗೆ ಆಗ ಹೊಳೆಯಲಿಲ್ಲ. ಆದರೆ ಒಂದು ನಿರ್ಧಾರ ಹುಟ್ಟಿತು. ಏನೇ ಆಗಲಿ, ಎಲ್ಲರೆದುರು ಸತ್ಯ ಹೇಳಿಯೇ ತೀರುತ್ತೇನೆ. ಭಾವ ಆನೆಯ ಮೇಲೆ ಕೂತು ಮೆರೆದರೂ ಸರಿ.

ಹುಟ್ಟುಹಬ್ಬ ಭಾನುವಾರ ಮಧ್ಯಾಹ್ನ, ನದೀತೀರದ ಹಳೆಯ ಭೋಜನಗೃಹದಲ್ಲಿ. ಉದ್ದನೆಯ ಮೇಜಿನ ತುದಿಯಲ್ಲಿ ರೋಸೀನೆ ಅತ್ತೆ ಕಪ್ಪು ರೇಷ್ಮೆ ಉಟ್ಟು ನ್ಯಾಯಮೂರ್ತಿಯ ಹಾಗೆ ಕೂತಿದ್ದರು. ಗೆರ್ಲಿಂಡೆ ಮಡಿಚಿದ ಕಾಗದವನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟಳು. ಅವರು ಕನ್ನಡಕ ಹುಡುಕುತ್ತಿರುವಾಗಲೇ ಕೊರ್ಬಿನಿಯನ್ ಚಮಚದಿಂದ ಲೋಟ ತಟ್ಟಿ ಎದ್ದುನಿಂತ. ಆ ದಡದ ಸ್ವಾಬಿಯನ್ ಸೀಮೆಯ ಮೂವತ್ತು ಮುಖಗಳು ಅವನ ಕಡೆ ತಿರುಗಿದವು.

"ಅತ್ತೆ, ಅದನ್ನ ಓದೋ ಮುಂಚೆ ನಾನೊಂದು ಮಾತು ಹೇಳಬೇಕು" ಎಂದ. "ಮೂವತ್ತನಾಲ್ಕು ವರ್ಷ ನಾನು ಜನರ ತಕ್ಕಡಿ ತಿದ್ದಿದೆ. ಮೊನ್ನೆ ನನ್ನ ತಕ್ಕಡಿ ತಪ್ಪಿತು. ನೀರಿನ ಪರೀಕ್ಷೇಲಿ ಸ್ಟುಟ್‌ಗಾರ್ಟ್ ಕಾರು ಚೆಲ್ಲಿದ್ದು ನಲವತ್ತು. ನಾನು ಬರೆದದ್ದು ಅರವತ್ತು. ಸುಳ್ಳು ಬರೆದೆ. ಇನ್ನೊಂದು ಹೇಳ್ತೀನಿ. ಆ ಕಾರಲ್ಲಿ ಕೂತಾಗ ನನ್ನ ಬೆನ್ನುನೋವು ಹೋಯ್ತು. ನಾನು ನಕ್ಕೆ. ಖುಷಿಯಿಂದ ನಕ್ಕೆ. ಸೋಫಾ ಅಂದಿದ್ದು ತಪ್ಪಾಯ್ತು."

ಹೇಳಿ ಕೂತ. ಎದೆಯ ಭಾರ ಇಳಿದು, ತಾನು ಎಂದೂ ಇಲ್ಲದಷ್ಟು ಎತ್ತರವಾಗಿದ್ದೇನೆ ಎನ್ನಿಸಿತು.

ಅತ್ತೆಗೆ ಕನ್ನಡಕ ಸಿಕ್ಕಿತು. ಕಾಗದ ಬಿಡಿಸಿದರು. ಬೆರಳಿಟ್ಟು ಓದಿದರು.

"ಇಲ್ಲಿ ನಲವತ್ತು ಅಂತಾನೇ ಇದೆಯಲ್ಲಪ್ಪ."

ಕೊರ್ಬಿನಿಯನ್ ಹೆಂಡತಿಯ ಕಡೆ ನೋಡಿದ. ಅವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು.

"ತಟ್ಟೆ ನನ್ನ ತೊಡೆ ಮೇಲಿತ್ತು, ಕೊರ್ಬಿ" ಎಂದಳು ಮೆಲ್ಲನೆ. "ಸರಿ ಮಾಡಿಯೇ ಬರೆದಿದ್ದೆ. ನೀನು ಸುಮ್ಮನೆ ಕೂತಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಮೂವತ್ತು ಜನ ನಕ್ಕ ನಗೆಗೆ ಕಿಟಕಿಯ ಗಾಜು ಅದುರಿತು. ಎಬರ್‌ಹಾರ್ಡ್ ಅಂತೂ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದ. "ಬೆನ್ನುನೋವು ಹೋಯ್ತಂತೆ" ಎಂದು ಪಕ್ಕದವರಿಗೆ ಹೇಳಿ ಮತ್ತೆ ಕುಲುಕಿದ.

"ನೀನು ನಗಬೇಡ" ಎಂದರು ಅತ್ತೆ, ಕಾಗದದಿಂದ ಕಣ್ಣು ತೆಗೆಯದೆ. "ಮ್ಯೂನಿಕ್ ಕಾರಲ್ಲಿ ನಿನ್ನದು ಮೂರು ಸುತ್ತು ಹೆಚ್ಚು ಅಂತಿದೆ. ಯಾಕೆ?"

"ದೋಷ ಹುಡುಕೋಕೆ, ಅಮ್ಮ."

"ಸಿಕ್ತಾ?"

ಎಬರ್‌ಹಾರ್ಡ್‌ನ ಕಿವಿ ಮತ್ತೆ ಕೆಂಪಾಯಿತು. "ಇನ್ನೊಂದು ಸುತ್ತು ಬಿಟ್ಟಿದ್ರೆ ಸಿಗ್ತಿತ್ತೇನೋ" ಎಂದ.

ಅತ್ತೆ ಕೊನೆಯ ಸಾಲಿಗೆ ಬಂದರು. ಸುತ್ತಿನ ಸಮಯಗಳನ್ನು ಗಟ್ಟಿಯಾಗಿ ಓದಿದರು. ಎಬರ್‌ಹಾರ್ಡ್ ಓಡಿಸಿದಾಗ ಎರಡು ಕಾರುಗಳ ನಡುವೆ ಅರ್ಧ ಸೆಕೆಂಡಿನ ವ್ಯತ್ಯಾಸ. ಕೊರ್ಬಿನಿಯನ್ ಓಡಿಸಿದಾಗಲೂ ಅರ್ಧ ಸೆಕೆಂಡು. ಗೆರ್ಲಿಂಡೆ ಓಡಿಸಿದಾಗ ಅದೂ ಇಲ್ಲ. ಆದರೆ ಗೆರ್ಲಿಂಡೆ ಅವಳ ಅಣ್ಣನಿಗಿಂತ ಒಂಬತ್ತು ಸೆಕೆಂಡು ಮುಂದೆ. ಗಂಡನಿಗಿಂತ ಹನ್ನೊಂದು.

"ಅಂದ್ರೆ" ಎಂದರು ಅತ್ತೆ, ಕನ್ನಡಕ ತೆಗೆದಿಡುತ್ತ, "ಎರಡೂ ಕಾರಲ್ಲೂ ಕೆಟ್ಟಿದ್ದು ಸ್ಟೀರಿಂಗ್ ಹಿಂದೆ ಕೂತಿದ್ದ ಭಾಗ ಒಂದೇ. ಊಟ ತರೋಕೆ ಹೇಳಿ."

ಕತೆ ಇಲ್ಲಿಗೆ ಮುಗಿದಿದ್ದರೆ ಕೊರ್ಬಿನಿಯನ್ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಮಾರನೆಯ ವಾರವೇ ನೆಸ್ರಿನ್ ಮನೆಗೆ ಬಂದಳು. ಮೈದಾನದಲ್ಲಿ ಅವಳು ಗೆರ್ಲಿಂಡೆಯನ್ನು ಪಕ್ಕಕ್ಕೆ ಕರೆದದ್ದು ಕೆಲಸಕ್ಕೆ ಕರೆಯಲು. ಪ್ರತಿ ಶನಿವಾರ, ಅದೇ ಎರಡು ಕಾರುಗಳಲ್ಲಿ, ಓಡಿಸಲು ಬರುತ್ತದೆಂದುಕೊಂಡಿರುವ ಗಂಡಸರಿಗೆ ಓಡಿಸುವುದನ್ನು ಕಲಿಸುವುದು. ಗೆರ್ಲಿಂಡೆ ಒಪ್ಪಿಕೊಂಡಾಗಿತ್ತು.

ಶನಿವಾರ ಮನೆ ಈಗ ಕೊರ್ಬಿನಿಯನ್‌ನ ಪಾಲಿಗೆ. ಬೆಳಗ್ಗೆ ಅವಳು ಕೈಗವಸು ಹಾಕಿಕೊಂಡು ಹೊರಡುತ್ತಾಳೆ. ಅವನು ಒಗೆದ ಬಟ್ಟೆ ಹರವಿ, ಆಲೂಗಡ್ಡೆ ಬೇಯಿಸಲಿಡುತ್ತಾನೆ. ಸಂಜೆಯ ಹೊತ್ತಿಗೆ ಎಬರ್‌ಹಾರ್ಡ್ ಸೇತುವೆ ದಾಟಿ ಬರುತ್ತಾನೆ. ಅವನಿಗೂ ಈ ಮನೆಯಲ್ಲೊಂದು ತುರ್ತು ಕೆಲಸವಿದೆ. ಎರಡೂ ಕಾರುಗಳನ್ನು ವಾರವಾರವೂ ಓಡಿಸುವ, ಓಡಿಸಲು ನಿಜವಾಗಿಯೂ ಬರುವ ಮನುಷ್ಯರು ಇಡೀ ಬಂಧುಬಳಗದಲ್ಲಿ ಒಬ್ಬರೇ. ಯಾವುದು ಮೇಲು ಎಂದು ಗೊತ್ತಿರುವುದೂ ಆ ಒಬ್ಬರಿಗೇ.

"ಇವತ್ತು ಕೇಳೋ ಸರದಿ ನಿನ್ನದು" ಎನ್ನುತ್ತಾನೆ ಎಬರ್‌ಹಾರ್ಡ್.

"ಹೋದ ವಾರವೂ ನಾನೇ ಕೇಳಿದ್ದು. ಅವಳು ನಿನ್ನ ತಂಗಿ."

"ನಿನ್ನ ಹೆಂಡತಿ."

ಬಾಗಿಲ ಬಳಿ ಕೀಲಿಯ ಸದ್ದಾಗುತ್ತದೆ. ಗೆರ್ಲಿಂಡೆ ಒಳಗೆ ಬಂದು, ಬೂಟು ಬಿಚ್ಚಿ, ಕೆನ್ನೆ ಕೆಂಪಗೆ ಹೊಳೆಯುತ್ತಿರುವ ಮುಖದಲ್ಲಿ ಇಬ್ಬರನ್ನೂ ನೋಡುತ್ತಾಳೆ.

"ಗೆರ್ಲಿಂಡೆ" ಎಂದು ಕೊರ್ಬಿನಿಯನ್ ದೃಢವಾದ ಧ್ವನಿಯಲ್ಲಿ ಶುರುಮಾಡುತ್ತಾನೆ. "ಇವತ್ತು ಹೇಳಲೇಬೇಕು. ಎರಡರಲ್ಲಿ ಯಾವುದು ಚೆನ್ನಾಗಿ ಓಡುತ್ತೆ?"

ಅವಳು ಒಂದು ಕ್ಷಣ ಯೋಚಿಸುತ್ತಾಳೆ. ಭಾವಂದಿರಿಬ್ಬರೂ ಉಸಿರು ಹಿಡಿದು ಕುರ್ಚಿಯ ತುದಿಗೆ ಬರುತ್ತಾರೆ.

"ಆಲೂಗಡ್ಡೆ ತಳ ಹಿಡೀತಿದೆ, ಕೊರ್ಬಿ" ಎಂದು ಹೇಳಿ ಕೈ ತೊಳೆಯಲು ಹೋಗುತ್ತಾಳೆ.